ಕೆಂಪು ಮುಚ್ಚಳದ ಟ್ಯೂಬು: ಸಿಒಪಿಡಿ ರೋಗಿಗಳಲ್ಲಿ ವಿಇಜಿಎಫ್ ಅಳೆದ ನನ್ನ ಅನುಭವ

ಮೊದಲ ಪ್ಲೇಟು ಓದಿದ ದಿನ ನನಗೆ ಖುಷಿಯೋ ಖುಷಿ. 96 ಗುಂಡಿಗಳ ಪ್ಲಾಸ್ಟಿಕ್ ತಟ್ಟೆ. ಎಲೈಸಾ ಅನ್ನುವ ಪರೀಕ್ಷೆ ಅದರಲ್ಲಿ ನಡೆಯುತ್ತದೆ, ಅಳೆಯುವ ಪ್ರೋಟೀನು ಜಾಸ್ತಿ ಇದ್ದಷ್ಟೂ ಬಣ್ಣ ಗಾಢ. ಕೊನೆಯಲ್ಲಿ ಆಸಿಡ್ ಹಾಕಿದ ಕೂಡಲೇ ನೀಲಿ ಹೋಗಿ ಹಳದಿ ಬಂತು. ಸಿಒಪಿಡಿ, ಅಂದರೆ ದೀರ್ಘಕಾಲದ ದಮ್ಮಿನ ಕಾಯಿಲೆಯ ರೋಗಿಗಳ ಕಡೆ ಅರಿಶಿನದಷ್ಟು ಗಾಢ, ಆರೋಗ್ಯವಂತರ ಕಡೆ ತೆಳು. ಮೆಷಿನ್‌ಗೆ ಇಡುವ ಮೊದಲೇ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ. ತಡೆಯಲಾರದೆ ನಮ್ಮ ಗೈಡ್‌ಗೆ ಫೋನ್ ಮಾಡಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ.

"ಯಾವ ಮುಚ್ಚಳದ ಟ್ಯೂಬಲ್ಲಿ ರಕ್ತ ತಗೊಂಡೆ?"

"ಕೆಂಪು, ಸರ್."

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ.

ನಾನು ಜೀವರಸಾಯನ ವಿಭಾಗದವಳು. ಹಳೇ ಮೈಸೂರು ಕಡೆಯ ಒಂದು ಬೋಧನಾ ಆಸ್ಪತ್ರೆಯಲ್ಲಿ ಕೆಲಸ. ಸ್ಟೆತಸ್ಕೋಪು ಹಿಡಿಯುವ ಡಾಕ್ಟರಲ್ಲ, ಪಿಪೆಟ್ ಹಿಡಿಯುವವಳು. ಪಿಎಚ್‌ಡಿಗೆ ಆರಿಸಿಕೊಂಡದ್ದು ರಕ್ತನಾಳಗಳನ್ನು ಬೆಳೆಸುವ ವಿಇಜಿಎಫ್ ಎಂಬ ಪ್ರೋಟೀನು. ದೀರ್ಘಕಾಲದ ದಮ್ಮಿನ ಕಾಯಿಲೆಯವರಲ್ಲಿ ಅದು ಜಾಸ್ತಿ ಇರುತ್ತದೋ ಕಡಿಮೆ ಇರುತ್ತದೋ ನೋಡುವುದು ಕೆಲಸ. ಕೇಳುವುದಕ್ಕೆ ಎಷ್ಟು ಸರಳ! ರಕ್ತ ತೆಗಿ, ಕಿಟ್ ತರಿಸು, ಅಳೆ, ಬರಿ. ಅದಕ್ಕೆ ನಾಲ್ಕು ವರ್ಷ ಹಿಡಿಯಿತು. ಪ್ರಬಂಧದಲ್ಲಿ ಎರಡು ಸಾಲಿನಲ್ಲಿ ಮುಗಿಸಿದ ಎಡವಟ್ಟುಗಳನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಕೆಂಪು ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಹೆಪ್ಪಿನ ಮೇಲೆ ನಿಲ್ಲುವ ತಿಳಿಯೇ ಸೀರಂ. ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಹೊಟ್ಟೆಯೊಳಗೆ ವಿಇಜಿಎಫ್ ಕಟ್ಟಿಕೊಂಡೇ ಓಡಾಡುತ್ತವೆ. ಗಾಯವಾದ ಜಾಗದಲ್ಲಿ ಹೊಸ ರಕ್ತನಾಳ ಬೇಕಲ್ವಾ, ಅದಕ್ಕೆ ಇಟ್ಟುಕೊಂಡ ಬುತ್ತಿ ಅದು. ಗಾಯವೋ ಗಾಜಿನ ಟ್ಯೂಬೋ ಅಂತ ಅವಕ್ಕೆ ಗೊತ್ತಾಗುವುದಿಲ್ಲ. ಹೆಪ್ಪುಗಟ್ಟುವಾಗ ಬುತ್ತಿ ಬಿಚ್ಚುತ್ತವೆ, ಅಷ್ಟೆ. ಹಾಗಾಗಿ ಪ್ಲಾಸ್ಮಾದಲ್ಲಿ, ಅಂದರೆ ಹೆಪ್ಪುಗಟ್ಟಲು ಬಿಡದೆ ತೆಗೆದ ರಕ್ತದ ತಿಳಿಯಲ್ಲಿ, ಒಂದು ಮಿಲಿಲೀಟರಿಗೆ ಹತ್ತಾರು ಪಿಕೊಗ್ರಾಂ ಇರುವ ವಿಇಜಿಎಫ್, ಅದೇ ಮನುಷ್ಯನ ಸೀರಂನಲ್ಲಿ ನೂರಾರು ಆಗಿಬಿಡುತ್ತದೆ. ಎಷ್ಟು ಹೊತ್ತು ಹೆಪ್ಪಿನ ಮೇಲೆ ಬಿಟ್ಟಿರೋ ಅಷ್ಟು ಏರುತ್ತದೆ.

ಆಮೇಲೆ ಕೂತು ರಿಜಿಸ್ಟರ್ ತಿರುವಿದೆ. ರೋಗಿಗಳ ರಕ್ತ ಎದೆರೋಗ ಹೊರವಿಭಾಗದಲ್ಲಿ ತೆಗೆದದ್ದು. ಅಟೆಂಡರ್ ಒಂದು ಗುಂಪು ಟ್ಯೂಬು ಸೇರಿದ ಮೇಲೆ ಒಟ್ಟಿಗೆ ತರುತ್ತಿದ್ದರು. ಎರಡು ಗಂಟೆ, ಕೆಲವೊಮ್ಮೆ ಮೂರು. ಆರೋಗ್ಯವಂತರು ಅಂದರೆ ನಮ್ಮ ವಿದ್ಯಾರ್ಥಿಗಳು, ಸಿಬ್ಬಂದಿ. ಅವರ ರಕ್ತ ಲ್ಯಾಬಿನ ಬಾಗಿಲಲ್ಲೇ ತೆಗೆದು ಅರ್ಧ ಗಂಟೆಯಲ್ಲಿ ಸೆಂಟ್ರಿಫ್ಯೂಜ್ ಮೆಷಿನ್ನಿನಲ್ಲಿ ತಿರುಗಿಸಿ ಸೀರಂ ಬೇರ್ಪಡಿಸಿದ್ದೆ. ನಾನು ಅಳೆದದ್ದು ಕಾಯಿಲೆಯನ್ನಲ್ಲ. ಹೊರವಿಭಾಗದಿಂದ ಲ್ಯಾಬಿಗೆ ಇರುವ ದೂರವನ್ನು.

ಅದೂ ಸಾಲದು ಅಂತ ಪ್ಲೇಟಿನ ಎಡಗಡೆ ಪೂರ್ತಿ ರೋಗಿಗಳು, ಬಲಗಡೆ ಪೂರ್ತಿ ಆರೋಗ್ಯವಂತರು. ನೋಡೋಕೆ ಚೆನ್ನಾಗಿರಲಿ ಅಂತ ಹಾಗೆ ಜೋಡಿಸಿದ್ದೆ. ಎಡದಿಂದ ಪಿಪೆಟ್ ಮಾಡುತ್ತಾ ಬಲಕ್ಕೆ ಬರುವಷ್ಟರಲ್ಲಿ ಹತ್ತು ನಿಮಿಷ ಆಗಿರುತ್ತದೆ. ಎಡಗಡೆಯವಕ್ಕೆ ಹತ್ತು ನಿಮಿಷ ಜಾಸ್ತಿ ನೆನೆಯುವ ಯೋಗ! ಒಂದು ಕಿಟ್ಟಿಗೆ ಅರ್ಧ ಲಕ್ಷದ ಹತ್ತಿರ. ಆ ಅರ್ಧ ಲಕ್ಷ ನೀರಿಗೆ ಹೋಯಿತು.

ಈ ಪ್ರೋಟೀನಿನ ಹಿಂದೆ ಯಾಕೆ ಬಿದ್ದೆ ಅಂತ ಸ್ವಲ್ಪ ಹೇಳಬೇಕು.

ವಿಇಜಿಎಫ್ ಕಥೆ ಶುರುವಾದದ್ದು ಶ್ವಾಸಕೋಶದಲ್ಲಲ್ಲ, ಕ್ಯಾನ್ಸರ್ ಗಡ್ಡೆಯಲ್ಲಿ. 1983ರಲ್ಲಿ ಬಾಸ್ಟನ್ನಿನ ಹೆರಾಲ್ಡ್ ಡ್ವೊರಾಕ್ ಅವರ ತಂಡ, ಗಡ್ಡೆಗಳು ಸುರಿಸುವ ಒಂದು ವಸ್ತು ರಕ್ತನಾಳಗಳನ್ನು ಸೋರುವಂತೆ ಮಾಡುತ್ತದೆ ಅಂತ ತೋರಿಸಿತು. 1989ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನೆಪೋಲಿಯೊನ್ ಫೆರಾರ ಅವರ ತಂಡ ರಕ್ತನಾಳದ ಒಳಪದರದ ಕೋಶಗಳನ್ನು ಬೆಳೆಸುವ ಪ್ರೋಟೀನು ಹುಡುಕಿತು. ಎರಡೂ ಒಂದೇ ಅಂತ ಆಮೇಲೆ ತಿಳಿಯಿತು. ಬೆಳೆಸುವವನೂ ಅವನೇ, ಸೋರಿಸುವವನೂ ಅವನೇ. ಗಡ್ಡೆಗೆ ರಕ್ತ ಕೊಡದೆ ಸಾಯಿಸೋಣ ಅಂತ ಇದನ್ನು ತಡೆಯುವ ಬೆವಾಸಿಜುಮಾಬ್ ಔಷಧ ಬಂತು. 2004ರಲ್ಲಿ ಅಮೆರಿಕದಲ್ಲಿ ದೊಡ್ಡ ಕರುಳಿನ ಕ್ಯಾನ್ಸರಿಗೆ ಅದಕ್ಕೆ ಒಪ್ಪಿಗೆ ಸಿಕ್ಕಿತು. ಈ ಔಷಧವನ್ನು ನೆನಪಿಟ್ಟುಕೊಳ್ಳಿ, ನನ್ನ ಕಥೆಯಲ್ಲಿ ಇನ್ನೊಂದು ಬಾಗಿಲಿಂದ ಬರುತ್ತದೆ.

ಶ್ವಾಸಕೋಶಕ್ಕೆ ಇದು ಬೇರೆಯದೇ ಕಾರಣಕ್ಕೆ ಬೇಕು. ಗಾಳಿಗೂಡಿನ ಗೋಡೆ ಬಹಳ ತೆಳು. ಕೆಲವು ಕಡೆ ಒಂದು ಮೈಕ್ರಾನಿನ ಅರ್ಧ. ಆ ಗೋಡೆಯ ತುಂಬ ಲೋಮನಾಳಗಳ ಬಲೆ. ಗೋಡೆಯ ಗಾಳಿ ಕಡೆಯ ಕೋಶಗಳು ವಿಇಜಿಎಫ್ ತಯಾರಿಸಿ ರಕ್ತದ ಕಡೆಯ ಕೋಶಗಳಿಗೆ ದಿನಾ ಊಟ ಹಾಕಿದ ಹಾಗೆ ಕೊಡುತ್ತಿರುತ್ತವೆ. ಬೆಳೆಯೋದಕ್ಕಲ್ಲ, ಬದುಕಿರೋದಕ್ಕೆ. ಎಂಫಿಸೀಮಾದಲ್ಲಿ ಈ ಗೋಡೆಗಳೇ ಒಡೆದು ನೂರು ಸಣ್ಣ ಗೂಡುಗಳ ಜಾಗದಲ್ಲಿ ಹತ್ತು ದೊಡ್ಡ ಪೊಳ್ಳುಗಳಾಗುತ್ತವೆ. ಹೊಗೆಯಿಂದ ಉರಿಯೂತ, ಉರಿಯೂತದ ಕೋಶಗಳು ಬಿಡುವ ಕಿಣ್ವಗಳು ಗೋಡೆಯನ್ನು ತಿನ್ನುತ್ತವೆ ಅನ್ನುವುದು ಎಲ್ಲರೂ ಓದುವ ಪಾಠ. ಆದರೆ 1959ರಲ್ಲೇ ಯೇಲ್‌ನ ಎವೆರಿಲ್ ಲೀಬೊ ಒಂದು ಮಾತು ಹೇಳಿದ್ದರು. ಒಡೆಯುವ ಗೋಡೆಗಳನ್ನು ನೋಡಿದರೆ ಅವು ತೆಳ್ಳಗಿವೆ, ರಕ್ತವೇ ಇಲ್ಲದ ಹಾಗಿವೆ. ರಕ್ತನಾಳ ಮೊದಲು ಹೋಗಿ, ಆಮೇಲೆ ಗೋಡೆ ಹೋಗುತ್ತಿರಬಹುದು ಅಂತ.

ನಲವತ್ತು ವರ್ಷ ಆ ಮಾತು ಹಾಗೇ ಬಿದ್ದಿತ್ತು. 2000ದಲ್ಲಿ ಡೆನ್ವರ್‌ನಲ್ಲಿ ನಾರ್ಬರ್ಟ್ ವೋಲ್ಕೆಲ್, ರೂಬಿನ್ ಟ್ಯೂಡರ್ ಅವರ ತಂಡ ಇಲಿಗಳಿಗೆ ವಿಇಜಿಎಫ್ ಗ್ರಾಹಕವನ್ನು (ಕೋಶದ ಮೇಲೆ ವಿಇಜಿಎಫ್ ಬಂದು ಕೂರುವ ರಿಸೆಪ್ಟರನ್ನು) ಮುಚ್ಚುವ ರಾಸಾಯನಿಕ ಕೊಟ್ಟಿತು. ಹೊಗೆಯಿಲ್ಲ, ಧೂಳಿಲ್ಲ. ಮೂರೇ ವಾರದಲ್ಲಿ ಗಾಳಿಗೂಡುಗಳು ದೊಡ್ಡದಾದವು, ಗೋಡೆಯ ಕೋಶಗಳು ಸಾಯತೊಡಗಿದವು. ಮರುವರ್ಷ ಅದೇ ಬಳಗ, ಎಂಫಿಸೀಮಾ ಬಂದ ಮನುಷ್ಯರ ಶ್ವಾಸಕೋಶದಲ್ಲೂ ವಿಇಜಿಎಫ್ ಮತ್ತು ಅದರ ಗ್ರಾಹಕ ಕಡಿಮೆ ಇದೆ ಅಂತ ತೋರಿಸಿತು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಪಿಎಚ್‌ಡಿ ವಿಷಯ ಅವತ್ತೇ ಗಟ್ಟಿಯಾಯಿತು.

ಆದರೆ ಇನ್ನೊಂದು ಕಡೆ ನೋಡಿ. ಸಿಒಪಿಡಿ ಅನ್ನುವುದು ಒಂದೇ ಚೀಲದಲ್ಲಿ ತುಂಬಿದ ಎರಡು ಕಾಯಿಲೆ. ಗೂಡು ಒಡೆಯುವುದು ಒಂದು. ಕೊಳವೆಗಳು ಊದಿ, ಕಫ ಕಟ್ಟಿ, ಗೋಡೆ ದಪ್ಪವಾಗುವುದು ಇನ್ನೊಂದು. ಕೊಳವೆಗಳ ಗೋಡೆಯಲ್ಲಿ ವಿಇಜಿಎಫ್ ಜಾಸ್ತಿಯಾಗುತ್ತದೆ, ರಕ್ತನಾಳ ಹೆಚ್ಚುತ್ತದೆ, ಸೋರಿ ಊತ ಬರುತ್ತದೆ. 2003ರಲ್ಲಿ ಜಪಾನಿನ ಒಸಾಕಾದ ವೈದ್ಯರು ಕಫದಲ್ಲಿ ಅಳೆದು ಇದನ್ನೇ ಹೇಳಿದರು. ಬ್ರಾಂಕೈಟಿಸ್, ಅಂದರೆ ಕೊಳವೆಗಳ ಊತ ಹೆಚ್ಚಿರುವವರಲ್ಲಿ ಏರಿದೆ, ಎಂಫಿಸೀಮಾದವರಲ್ಲಿ ಇಳಿದಿದೆ. ಒಂದೇ ಹೆಸರಿನ ಕಾಯಿಲೆ, ಒಂದೇ ಪ್ರೋಟೀನು, ಎರಡು ದಿಕ್ಕು.

ಹಾಗಿದ್ದ ಮೇಲೆ "ಸಿಒಪಿಡಿಯಲ್ಲಿ ಜಾಸ್ತಿಯೋ ಕಡಿಮೆಯೋ" ಅನ್ನುವ ನನ್ನ ಪ್ರಶ್ನೆಯೇ ತಪ್ಪಾಗಿತ್ತು. ಅದು ನನಗೆ ಹೊಳೆದದ್ದು ಮಾತ್ರ ಎರಡು ವರ್ಷ ಕಳೆದ ಮೇಲೆ.

ಎರಡನೇ ಸಲ ಶುರು ಮಾಡುವಾಗ ರೋಗಿಗಳ ಆಯ್ಕೆಯಿಂದಲೇ ಹೊಸದಾಗಿ ಕೂತೆ. ಭಾರತದಲ್ಲಿ ಸಿಒಪಿಡಿ ಇರುವವರು 1990ರಲ್ಲಿ 2.81 ಕೋಟಿ, 2016ರ ಹೊತ್ತಿಗೆ 5.53 ಕೋಟಿ ಅಂತ ಅಂದಾಜು. ಅಷ್ಟು ಜನ ಇದ್ದೂ ಅಧ್ಯಯನಕ್ಕೆ ತಕ್ಕವರು ಸಿಗುವುದು ಕಷ್ಟ. ಯಾಕಂದರೆ ವಿಇಜಿಎಫ್ ಏರೋದಕ್ಕೆ ನೂರು ನೆಪ. ಕ್ಯಾನ್ಸರ್ ಇದ್ದರೆ ಏರುತ್ತದೆ. ಸೋಂಕಿನಿಂದ ದಮ್ಮು ಜೋರಾದಾಗ ಏರುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿದರೂ ಏರಬಹುದು. ಆಮ್ಲಜನಕ ಕಡಿಮೆಯಾದಾಗ ಎಚ್ಚರವಾಗುವ ಎಚ್‌ಐಎಫ್ ಅನ್ನುವ ಪ್ರೋಟೀನೇ ವಿಇಜಿಎಫ್ ಜೀನಿನ ಸ್ವಿಚ್ಚು ಒತ್ತುವುದು. ಆಮ್ಲಜನಕವನ್ನು ಕೋಶಗಳು ಹೇಗೆ ಗ್ರಹಿಸುತ್ತವೆ ಅಂತ ಬಿಡಿಸಿದ್ದಕ್ಕೆ 2019ರ ವೈದ್ಯಕೀಯ ನೊಬೆಲ್ ಬಂದದ್ದು ನಿಮಗೆ ನೆನಪಿರಬಹುದು. ಹಾಗಾಗಿ ಕಾಯಿಲೆ ಸ್ಥಿರವಾಗಿರುವ ಸಮಯದಲ್ಲಿ ಮಾತ್ರ ಮಾದರಿ ತೆಗೆಯುವುದು, ಆಕ್ಸಿಜನ್ ಪ್ರಮಾಣ ಮತ್ತು ಪ್ಲೇಟ್‌ಲೆಟ್ ಎಣಿಕೆ ಪ್ರತಿಯೊಬ್ಬರದ್ದೂ ಬರೆದಿಡುವುದು ಅಂತ ನಿಯಮ ಮಾಡಿಕೊಂಡೆ. ಹಳೇ ಕ್ಷಯದ ಗಾಯ ಎದೆಯಲ್ಲಿದ್ದವರನ್ನು ಬಿಟ್ಟೆ. ನಮ್ಮ ಕಡೆ ಇದನ್ನು ಮರೆತರೆ ಅರ್ಧ ರೋಗಿಗಳು ಬೇರೆ ಕಾಯಿಲೆಯವರೇ ಆಗಿಬಿಡುತ್ತಾರೆ.

ಇಷ್ಟೆಲ್ಲ ಮಾಡಿಯೂ ಒಬ್ಬರು ಕಣ್ಣು ತಪ್ಪಿಸಿದರು. ಅವರ ಪ್ಲಾಸ್ಮಾದಲ್ಲಿ ವಿಇಜಿಎಫ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಮೂರು ಸಲ ಅಳೆದೆ, ಮೂರು ಸಲವೂ ಅದೇ. ಎಂಫಿಸೀಮಾದ ದೊಡ್ಡ ಸಾಕ್ಷಿ ಸಿಕ್ಕಿತು ಅಂತ ಒಳಗೊಳಗೇ ಹಿಗ್ಗಿದೆ. ಫೋನ್ ಮಾಡಿ ಮಾತಾಡಿಸಿದರೆ, "ಏನಿಲ್ಲಮ್ಮ, ಶುಗರ್ ಇಂದ ಕಣ್ಣು ಮಂಜಾಗಿತ್ತು, ಕಣ್ಣಿಗೆ ಒಂದು ಇಂಜೆಕ್ಷನ್ ಹಾಕಿಸ್ಕೊಂಡೆ" ಅಂದರು. ಅದೇ ಬೆವಾಸಿಜುಮಾಬ್. ಕಣ್ಣಿಗೆ ಹಾಕಿದ ಚೂರು ಔಷಧ ರಕ್ತಕ್ಕೂ ಇಳಿದು ವಾರಗಟ್ಟಲೆ ವಿಇಜಿಎಫ್ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಅವರು ನಮ್ಮಿಂದ ಏನನ್ನೂ ಮುಚ್ಚಿಟ್ಟಿರಲಿಲ್ಲ. "ಯಾವ ಮಾತ್ರೆ ತಗೋತೀರಿ" ಅಂತ ಕೇಳಿದ್ದೆವು, "ಕಣ್ಣಿಗೆ ಏನಾದರೂ ಹಾಕಿಸಿದ್ದೀರಾ" ಅಂತ ಕೇಳಿರಲಿಲ್ಲ. ಮರುದಿನವೇ ಪ್ರಶ್ನಾವಳಿಗೆ ಆ ಸಾಲು ಸೇರಿಸಿದೆ.

ಪ್ರಶ್ನಾವಳಿಯಲ್ಲಿ ಒಲೆಗೂ ಒಂದು ಪುಟ. ನಮ್ಮ ರೋಗಿಗಳಲ್ಲಿ ಗಂಡಸರು ಬೀಡಿಯವರು, ಹೆಂಗಸರು ಸೌದೆಯವರು. ದಿನಕ್ಕೆ ಎಷ್ಟು ಗಂಟೆ ಒಲೆ ಮುಂದೆ, ಎಷ್ಟು ವರ್ಷ, ಎರಡನ್ನೂ ಗುಣಿಸಿದರೆ ಹೊಗೆಯ ಲೆಕ್ಕ ಬರುತ್ತದೆ. ಮೈಸೂರು ಜಿಲ್ಲೆಯ ಹಳ್ಳಿ ಹೆಂಗಸರ ಮೇಲೆ ಮಾಡಿ 2013ರಲ್ಲಿ ಪ್ರಕಟವಾದ ಅಧ್ಯಯನವೊಂದು, ಈ ಲೆಕ್ಕ 60 ಮುಟ್ಟಿದ ಮೇಲೆ ಕ್ರಾನಿಕ್ ಬ್ರಾಂಕೈಟಿಸ್ ಅಪಾಯ ಎದ್ದು ಕಾಣುತ್ತದೆ ಅಂತ ಹೇಳಿದೆ. ದಿನಕ್ಕೆ 3 ಗಂಟೆಯಂತೆ 20 ವರ್ಷ ಅಡಿಗೆ ಮಾಡಿದರೆ 60. ನಮ್ಮ ಅಜ್ಜಿಯಂದಿರು ಅದನ್ನು ಮೂವತ್ತೈದರ ವಯಸ್ಸಿಗೇ ದಾಟಿರುತ್ತಾರೆ. ಸಾದಾ ಒಲೆಯೋ, ಹೊಗೆಕೊಳವೆ ಇರುವ ಅಸ್ತ್ರ ಒಲೆಯೋ, ಗ್ಯಾಸ್ ಬಂದದ್ದು ಯಾವಾಗ, ಬಂದ ಮೇಲೂ ನೀರು ಕಾಯಿಸೋದು ಸೌದೆಯಲ್ಲೇ ಅಲ್ವಾ, ಎಲ್ಲ ಕೇಳುತ್ತಿದ್ದೆ. ಕೊನೆಯ ಪ್ರಶ್ನೆಗೆ ಮುಕ್ಕಾಲು ಜನ ನಕ್ಕು ಹೌದು ಅಂದರು.

ಉಸಿರು ಊದಿಸಿ ಅಳೆಯುವ ಸ್ಪೈರೋಮೆಟ್ರಿ ದಿನ ನಡೆದದ್ದೊಂದು ಹೇಳಲೇಬೇಕು. ಜೋರಾಗಿ ಊದಬೇಕು, ಆರು ಸೆಕೆಂಡು ಬಿಡದೆ ಊದಬೇಕು. ಓದಿಕೊಂಡ ಗಂಡಸರೂ ಎರಡೇ ಸೆಕೆಂಡಿಗೆ ನಿಲ್ಲಿಸಿಬಿಡುತ್ತಿದ್ದರು. ಒಬ್ಬ ಅಜ್ಜಿ ಬಂದರು. ಟೆಕ್ನಿಷಿಯನ್ ಎಷ್ಟು ವಿವರಿಸಿದರೂ ಅಜ್ಜಿಗೆ ಅರ್ಥವಾಗಲಿಲ್ಲ. ಕೊನೆಗೆ ಅವನು, "ಅಜ್ಜಿ, ಹಸಿ ಸೌದೆ ಹತ್ಕೊಳ್ತಿಲ್ಲ, ಊದುಗೊಳವೆ ಕೈಯಲ್ಲಿದೆ ಅಂದ್ಕೊಳಿ" ಅಂದ. ಅಜ್ಜಿ ಊದಿದರು ನೋಡಿ, ಮೊದಲ ಸಲಕ್ಕೇ ಗ್ರಾಫು ಪುಸ್ತಕದಲ್ಲಿ ಹಾಕುವ ಹಾಗೆ ಬಂತು. ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿಯನ್ನು ಒಟ್ಟು ಗಾಳಿಯಿಂದ ಭಾಗಿಸಿದರೆ 0.70ಕ್ಕಿಂತ ಕಡಿಮೆ ಬಂದರೆ ಅಡಚಣೆ ಇದೆ ಅಂತ. ಅಜ್ಜಿಯದು 0.5ರ ಆಸುಪಾಸು. ಕೊಳವೆ ಸಡಿಲಿಸುವ ಸಾಲ್ಬುಟಮಾಲ್ ಔಷಧ ಕೊಟ್ಟು ಮತ್ತೆ ಊದಿಸಿದರೂ ಅಷ್ಟೇ. ಟೆಕ್ನಿಷಿಯನ್ ಬಹಳ ಹೊತ್ತು ಮಾತಾಡಲಿಲ್ಲ.

ರಕ್ತದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬು, ಅದರಲ್ಲಿ ರಕ್ತ ಹೆಪ್ಪುಗಟ್ಟುವುದಿಲ್ಲ. ಸೂಜಿ ಸಲೀಸಾಗಿ ಹೋಗಬೇಕು, ಹುಡುಕಾಡಿ ತೆಗೆದ ರಕ್ತ ಬೇಡ. ಅರ್ಧ ಗಂಟೆಯೊಳಗೆ 1000 ಜಿಯಲ್ಲಿ (ಭೂಮಿಯ ಸೆಳೆತದ ಸಾವಿರ ಪಟ್ಟು ಬಲದಲ್ಲಿ) 15 ನಿಮಿಷ ತಿರುಗಿಸಿ, ಮೇಲಿನ ಪ್ಲಾಸ್ಮಾ ತೆಗೆದು, ಉಳಿದ ಪ್ಲೇಟ್‌ಲೆಟ್‌ಗಳೂ ಕೆಳಗೆ ಕೂರಲಿ ಅಂತ ಇನ್ನೊಂದು ಸಲ 10,000 ಜಿಯಲ್ಲಿ 10 ನಿಮಿಷ. ಈ ಎರಡನೇ ತಿರುಗಿಸುವಿಕೆಯನ್ನು ಬಿಟ್ಟರೆ ಫ್ರೀಜರಿನಲ್ಲಿ ಪ್ಲೇಟ್‌ಲೆಟ್ ಒಡೆದು ಮತ್ತೆ ಅದೇ ಬುತ್ತಿ ಕಥೆ. ಇನ್ನೊಂದು ಕಿವಿಮಾತು. ಪುಸ್ತಕದಲ್ಲಿ ಆರ್‌ಪಿಎಂ ಅಂದರೆ ನಿಮಿಷಕ್ಕೆ ಎಷ್ಟು ಸುತ್ತು ಅಂತ ಬರೆಯಬೇಡಿ, ಜಿ ಬರೆಯಿರಿ. ರೋಟರಿನ ತ್ರಿಜ್ಯ 10 ಸೆಂಟಿಮೀಟರ್ ಇದ್ದರೆ 3000 ಸುತ್ತಿಗೆ ಸುಮಾರು 1000 ಜಿ, 17 ಇದ್ದರೆ ಅದೇ 3000ಕ್ಕೆ 1700 ಜಿ. ನಮ್ಮ ಮೆಷಿನ್ ಕೆಟ್ಟು ಪಕ್ಕದ ವಿಭಾಗಕ್ಕೆ ಓಡಿದ ದಿನ ಇದು ನನಗೆ ಗೊತ್ತಾದದ್ದು. ಸಣ್ಣ ಸಣ್ಣ ಪಾಲು ಮಾಡಿ -80 ಡಿಗ್ರಿಗೆ ಇಟ್ಟೆ. ಕರಗಿಸಿದ್ದನ್ನು ಮತ್ತೆ ಫ್ರೀಜರಿಗೆ ಇಡಲಿಲ್ಲ. ಕರೆಂಟ್ ಹೋದಾಗಲೆಲ್ಲ ಜನರೇಟರ್ ಸದ್ದು ಕೇಳುವವರೆಗೆ ಉಸಿರು ಹಿಡಿದು ಕೂತಿರುತ್ತಿದ್ದೆ.

ಪ್ಲೇಟಿನಲ್ಲಿ ಈಗ ರೋಗಿಗಳು, ಆರೋಗ್ಯವಂತರು ಕಲಸುಮೇಲೋಗರ. ಚೀಟಿ ಎತ್ತಿ ಜಾಗ ಕೊಟ್ಟೆ. ಯಾವುದು ಯಾರದು ಅಂತ ನನಗೇ ಗೊತ್ತಾಗದ ಹಾಗೆ ಸಹೋದ್ಯೋಗಿಯೊಬ್ಬರು ನಂಬರ್ ಹಾಕಿಕೊಟ್ಟರು. 96 ಗುಂಡಿಯಲ್ಲಿ 16 ಸ್ಟ್ಯಾಂಡರ್ಡಿಗೆ (ಪ್ರಮಾಣ ಮೊದಲೇ ಗೊತ್ತಿರುವ ದ್ರಾವಣಕ್ಕೆ) ಹೋದರೆ ಉಳಿದದ್ದು 80, ಜೋಡಿ ಜೋಡಿಯಾಗಿ 40 ಮಾದರಿ.

ಫಲಿತಾಂಶ? ಏನೂ ಇಲ್ಲ. ರೋಗಿಗಳೂ ಆರೋಗ್ಯವಂತರೂ ಒಂದರ ಮೇಲೊಂದು ಬಿದ್ದಿದ್ದರು. ಮೊದಲ ಪ್ಲೇಟಿನ ಅರಿಶಿನ ಎಲ್ಲಿ, ಇದೆಲ್ಲಿ.

ಅತ್ತುಬಿಡೋಣ ಅನ್ನಿಸಿತ್ತು. ಆಗಲೇ ಹಳೆಯದೊಂದು ಪ್ರಬಂಧ ಮತ್ತೆ ಓದಿದೆ. 2001ರಲ್ಲಿ ನ್ಯೂಯಾರ್ಕಿನ ಕೇನರ್ ಮತ್ತು ಕ್ರಿಸ್ಟಲ್ ಅನ್ನುವವರು ಆರೋಗ್ಯವಂತರ ಶ್ವಾಸಕೋಶದ ಒಳಮೈಯನ್ನು ತೋಯಿಸಿರುವ ದ್ರವದಲ್ಲಿ ವಿಇಜಿಎಫ್ ಅಳೆದಿದ್ದರು. ಅಲ್ಲಿ ಪ್ಲಾಸ್ಮಾಕ್ಕಿಂತ ಸುಮಾರು 500 ಪಟ್ಟು ಜಾಸ್ತಿ. ಅದನ್ನು ಮೊದಲೂ ಓದಿದ್ದೆ, ಅಡಿಗೆರೆಯನ್ನೂ ಎಳೆದಿದ್ದೆ. ಆದರೆ ತಲೆಗೆ ಹೋಗಿರಲಿಲ್ಲ. ಗೋಡೆಯ ಆ ಕಡೆ 500 ಪಟ್ಟು ಇರುವುದನ್ನು ಈ ಕಡೆಯ ಹನಿಯಲ್ಲಿ ಹುಡುಕುತ್ತಿದ್ದೆ.

ಇದನ್ನು ನನಗಿಂತ ಚೆನ್ನಾಗಿ ಹೇಳಿದವರು ಮಂಡ್ಯ ಕಡೆಯ ಒಬ್ಬ ರೈತ. ಬೀಡಿ ಬಿಟ್ಟು ಐದು ವರ್ಷ ಆಗಿತ್ತು ಅವರಿಗೆ. ಏನು ಪರೀಕ್ಷೆ ಮಾಡ್ತೀರಿ ಅಂತ ಕೇಳಿದರು. ಶ್ವಾಸಕೋಶದಲ್ಲಿ ಕೊಳವೆಗಳ ಕಡೆ ಒಂದು ಅಂಶ ಉಕ್ಕುತ್ತೆ, ತುದಿಯ ಗೂಡುಗಳಿಗೆ ಅದು ಸಾಲಲ್ಲ, ರಕ್ತದಲ್ಲಿ ನೋಡಿದರೆ ಎಲ್ಲ ಸರಿ ಇದೆ ಅನ್ಸುತ್ತೆ ಅಂತ ಹೇಳಿದೆ. "ನಾಲೆ ನೀರಲ್ವಾ ಅದು" ಅಂದರು. "ಮೇಲ್ಗಡೆ ಗದ್ದೆ ಕೊಳೀತದೆ, ಟೈಲೆಂಡಲ್ಲಿ ಒಣಗ್ತದೆ. ನೀವು ಕಟ್ಟೆ ಹತ್ರ ನಿಂತು ನೀರೆಷ್ಟದೆ ಅಂತ ಅಳೀತಿದೀರಿ." ಆಮೇಲೆ ವಿದ್ಯಾರ್ಥಿಗಳಿಗೆ ಪಾಠ ಮಾಡುವಾಗಲೆಲ್ಲ ಇದನ್ನೇ ಹೇಳುತ್ತೇನೆ. ಬೆಂಗಳೂರಿನ ಮಕ್ಕಳಿಗೆ ಟೈಲೆಂಡ್ ಅಂದರೇನು ಅಂತ ಬೇರೆ ಬಿಡಿಸಿ ಹೇಳಬೇಕಾಗುತ್ತದೆ.

ಹಾಗಾಗಿ ಕಫಕ್ಕೆ ಬಂದೆ. ದಪ್ಪ ಉಪ್ಪುನೀರಿನ ಹಬೆ ಎಳೆದುಕೊಂಡರೆ ಆಳದಿಂದ ಕಫ ಬರುತ್ತದೆ. ಆದರೆ ಅದೇ ಹಬೆ ದಮ್ಮಿನವರ ಕೊಳವೆಯನ್ನು ಬಿಗಿಯಲೂಬಹುದು. ಮೊದಲು ಸಾಲ್ಬುಟಮಾಲ್, ಹದಿನೈದು ನಿಮಿಷ ಬಿಟ್ಟು ಐದೈದು ನಿಮಿಷದ ಹಬೆ, ಪ್ರತಿ ಸಲವೂ ಮತ್ತೆ ಊದಿಸಿ ನೋಡುವುದು. ಮೊದಲ ಸೆಕೆಂಡಿನ ಗಾಳಿ 20 ಶೇಕಡ ಬಿದ್ದರೆ ಅಲ್ಲಿಗೇ ನಿಲ್ಲಿಸುವುದು. ಕಾಯಿಲೆ ಜೋರಾಗಿದ್ದವರಿಗೆ ಸಾದಾ ಸಲೈನ್ ಮಾತ್ರ. ಪಕ್ಕದಲ್ಲಿ ಎದೆರೋಗ ತಜ್ಞರು ನಿಂತೇ ಇರಬೇಕು, ಇದು ನನ್ನಂಥವಳು ಒಬ್ಬಳೇ ಮಾಡುವ ಕೆಲಸವಲ್ಲ. ಕ್ಷಯದ ಭಯಕ್ಕೆ ಎನ್95 ಮಾಸ್ಕು, ಗಾಳಿಯಾಡುವ ವೆರಾಂಡ. ಕ್ಷಯದ ಪರೀಕ್ಷೆ ಮೊದಲೇ ಮಾಡಿಸಿಯೂ ಇಷ್ಟು ಎಚ್ಚರ.

ಬಂದದ್ದೆಲ್ಲ ಕಫವಲ್ಲ. ಅರ್ಧಕ್ಕರ್ಧ ಎಂಜಲು. ಸೂಕ್ಷ್ಮದರ್ಶಕದಲ್ಲಿ ಬಾಯಿಯ ಚಪ್ಪಟೆ ಕೋಶಗಳೇ ತುಂಬಿದ್ದರೆ ಆ ಮಾದರಿ ಕಸದ ಬುಟ್ಟಿಗೆ. ಎಲೆ ಅಡಿಕೆ ಹಾಕುವವರಿಗೆ ಬಾಯಿ ಮೂರು ಸಲ ಮುಕ್ಕಳಿಸಿ ಅಂದರೂ ಕೆಂಪು ಬರುತ್ತಿತ್ತು. ಆ ಕೆಂಪು ಎಲೈಸಾದ ಬಣ್ಣವನ್ನು ಕೆಡಿಸೀತು ಅನ್ನುವ ಭಯ ಬೇರೆ.

ಕಫ ಬಲು ಅಂಟು. ಪಿಪೆಟ್ಟಿಗೆ ಹತ್ತುವುದಿಲ್ಲ. ಅದನ್ನು ಕರಗಿಸೋಕೆ ಎಲ್ಲರೂ ಡಿಟಿಟಿ ಅನ್ನುವ ರಾಸಾಯನಿಕ ಹಾಕುತ್ತಾರೆ. ನಾನೂ ಹಾಕಿದೆ. ಪ್ಲೇಟು ಓದಿದರೆ ಎಲ್ಲ ಗುಂಡಿಗಳೂ ನೀರಿನಂತೆ. ಯಾರ ಕಫದಲ್ಲೂ ವಿಇಜಿಎಫ್ ಇಲ್ಲ! 500 ಪಟ್ಟು ಎಲ್ಲಿ ಹೋಯಿತು?

ಈ ಸಲ ಗೈಡ್‌ಗೆ ಫೋನ್ ಮಾಡುವ ಮೊದಲು ಕೂತು ಯೋಚಿಸಿದೆ. ಕಫದ ಎಳೆಗಳನ್ನು ಒಂದಕ್ಕೊಂದು ಕಟ್ಟಿರುವುದು ಗಂಧಕದ ಕೊಂಡಿಗಳು. ಡಿಟಿಟಿ ಅವನ್ನು ಕತ್ತರಿಸುತ್ತದೆ, ಅದಕ್ಕೇ ಕಫ ಕರಗುವುದು. ವಿಇಜಿಎಫ್ ಎರಡು ಎಳೆಗಳ ಪ್ರೋಟೀನು. ಆ ಎರಡನ್ನು ಹಿಡಿದಿರುವುದೂ ಗಂಧಕದ ಕೊಂಡಿಯೇ! ಕತ್ತರಿಗೆ ಕಫ ಯಾವುದು, ನನಗೆ ಬೇಕಾದದ್ದು ಯಾವುದು ಅಂತ ಗೊತ್ತಿಲ್ಲ. ಕಿಟ್ಟಿನ ಪ್ರತಿಕಾಯಗಳು ಹುಡುಕುವುದು ಜೋಡಿಯನ್ನು, ಕತ್ತರಿಸಿದ ತುಂಡನ್ನಲ್ಲ.

ಊಹೆ ಸರಿಯೋ ಅಂತ ನೋಡೋಕೆ ಒಂದು ಸಣ್ಣ ಪರೀಕ್ಷೆ ಸಾಕು. ಗೊತ್ತಿರುವಷ್ಟು ವಿಇಜಿಎಫ್ ಅನ್ನು ನಾನೇ ಕಫಕ್ಕೆ ಸೇರಿಸಿ ಅಳೆದೆ. ಡಿಟಿಟಿ ಹಾಕಿದ್ದರಲ್ಲಿ ಹಾಕಿದ್ದರ ಅರ್ಧವೂ ವಾಪಸ್ ಬರಲಿಲ್ಲ. ಕೊಂಡಿ ಕತ್ತರಿಸದ ಬರೀ ಬಫರ್ ದ್ರಾವಣದಲ್ಲಿ ಕದಡಿದ್ದರಲ್ಲಿ ಬಹುಪಾಲು ಬಂತು. ಅಲ್ಲಿಂದ ಪ್ರತಿ ಮಾದರಿಯನ್ನೂ ಎರಡು ಭಾಗ ಮಾಡಿದೆ. ಕೋಶ ಎಣಿಸುವ ಭಾಗಕ್ಕೆ ಡಿಟಿಟಿ, ಪ್ರೋಟೀನು ಅಳೆಯುವ ಭಾಗಕ್ಕೆ ಬಫರು ಮಾತ್ರ. ಬಫರಿನಲ್ಲಿ ಕದಡೋಕೆ ತಾಳ್ಮೆ ಬೇಕು, ಕೈ ನೋಯುತ್ತದೆ. ಬೇರೆ ದಾರಿ ಇಲ್ಲ. ಯಾರಾದರೂ ಈ ಕೆಲಸ ಶುರು ಮಾಡುವುದಿದ್ದರೆ ನನ್ನ ಒಂದೇ ಒತ್ತಾಯ ಇದು: ಮೊದಲ ರೋಗಿಯ ಮಾದರಿ ಅಳೆಯುವ ಮುಂಚೆ ಈ ಹಾಕಿ-ತೆಗೆಯುವ ಪರೀಕ್ಷೆ ಮಾಡಿ.

ಕೊನೆಯ ತಿದ್ದುಪಡಿ ಗುಂಪು ಮಾಡುವುದರಲ್ಲಿ. ಸಿಒಪಿಡಿ ಅಂತ ಒಂದೇ ಸಾಲು ಮಾಡದೆ, ಸಿಟಿ ಸ್ಕ್ಯಾನಿನಲ್ಲಿ -950 ಯೂನಿಟ್‌ಗಿಂತ ಕಪ್ಪಾದ, ಅಂದರೆ ಗಾಳಿಯೇ ತುಂಬಿದ ಭಾಗ ಎಷ್ಟಿದೆ ಅಂತ ರೇಡಿಯಾಲಜಿಯವರಿಂದ ಲೆಕ್ಕ ಹಾಕಿಸಿ, ಗೂಡು ಒಡೆದವರನ್ನು ಒಂದು ಕಡೆ, ಕಫದ ಕಾಟದವರನ್ನು ಇನ್ನೊಂದು ಕಡೆ ಇಟ್ಟೆ. ಆಗ ಒಸಾಕಾದವರು ಹೇಳಿದ ಚಿತ್ರವೇ ಮಬ್ಬಾಗಿ ಕಂಡಿತು. ಗೂಡು ಒಡೆದವರ ಕಫದಲ್ಲಿ ಕಡಿಮೆ, ಕಫದವರಲ್ಲಿ ಜಾಸ್ತಿ, ನಡುವೆ ಎರಡೂ ಇರುವ ದೊಡ್ಡ ಗುಂಪು ಯಾವ ಕಡೆಗೂ ಸೇರದೆ. ಸೌದೆ ಒಲೆಯ ಹೆಂಗಸರು ಹೆಚ್ಚಾಗಿ ಕೊಳವೆ ಕಾಯಿಲೆಯ ಕಡೆಗೇ ಬಿದ್ದರು. ಮೆಕ್ಸಿಕೋದ ಸೌದೆ ಹೊಗೆಯ ಹೆಂಗಸರಲ್ಲೂ ಸಿಗರೇಟಿನವರಿಗಿಂತ ಎಂಫಿಸೀಮಾ ಕಡಿಮೆ ಅಂತ ಸ್ಕ್ಯಾನಿನಲ್ಲಿ ನೋಡಿದ್ದಾರೆ. ನನ್ನದು ಸಣ್ಣ ಗುಂಪು, ಇದರಿಂದ ದೊಡ್ಡ ಮಾತು ಆಡಲಾರೆ. ಅದೂ ಅಲ್ಲದೆ ಕಫ ಬರುವುದು ಕೊಳವೆಗಳಿಂದ. ಗೂಡುಗಳ ಸುದ್ದಿಯನ್ನು ಅದು ಎಷ್ಟರಮಟ್ಟಿಗೆ ಹೊತ್ತು ತರುತ್ತದೆ ಅನ್ನುವ ಅನುಮಾನ ನನಗೆ ಇನ್ನೂ ಇದೆ. ವೈವಾದಲ್ಲಿ ಪರೀಕ್ಷಕರು ಕೇಳಿದ್ದೂ ಅದನ್ನೇ. ಹೌದು ಅಂತ ಒಪ್ಪಿಕೊಂಡೆ.

ಜನ ಈಗಲೂ ಕೇಳುತ್ತಾರೆ, ಈ ಪರೀಕ್ಷೆ ಮಾಡಿಸಿದರೆ ಒಳ್ಳೆಯದಾ ಅಂತ. ಬೇಡ. ಸಿಒಪಿಡಿಗೆ ವಿಇಜಿಎಫ್ ಅಳೆದು ಚಿಕಿತ್ಸೆ ಬದಲಿಸುವ ಪದ್ಧತಿ ಇಲ್ಲ. ಕಡಿಮೆ ಇದ್ದರೆ ಕೊಟ್ಟುಬಿಡಬಹುದಲ್ವಾ ಅಂತ ಒಬ್ಬ ಹುಡುಗ ಕ್ಲಾಸಿನಲ್ಲಿ ಕೇಳಿದ. ತುದಿಯ ಗದ್ದೆ ಒಣಗಿದೆ ಅಂತ ಕಟ್ಟೆ ಗೇಟು ಪೂರ್ತಿ ಎತ್ತಿದರೆ ಮೇಲಿನ ಗದ್ದೆ ಗತಿಯೇನು? ಶ್ವಾಸಕೋಶದಲ್ಲಿ ವಿಇಜಿಎಫ್ ಉಕ್ಕುವಂತೆ ಮಾಡಿದ ಇಲಿಗಳಿಗೆ ಅಸ್ತಮಾದಂಥ ಊತ ಬಂದದ್ದನ್ನು ಆಗಲೇ ನೋಡಿದ್ದಾರೆ. ಬೀಡಿ ಬಿಡುವುದು, ಹೊಗೆ ಹೊರಗೆ ಕಳಿಸುವುದು, ಇನ್‌ಹೇಲರ್ ಸರಿಯಾಗಿ ಎಳೆದುಕೊಳ್ಳುವುದು, ಲಸಿಕೆ, ನಡಿಗೆ. ಸದ್ಯಕ್ಕೆ ಇಷ್ಟೇ. ಊದುಗೊಳವೆ ಅಜ್ಜಿ ಆರು ತಿಂಗಳ ನಂತರ ಬಂದಾಗ, "ನನ್ನ ಕಫದಾಗೆ ಏನ್ ಸಿಕ್ತವ್ವ?" ಅಂದರು. ನಿಮ್ಮ ಎದೆಯ ಕೊಳವೆಗಳಲ್ಲಿ ರಕ್ತನಾಳ ಜಾಸ್ತಿ ಬೆಳೆಸೋ ಅಂಶ ಉಕ್ಕಿದೆ ಅಂದೆ. "ಅದ್ಕೇನ್ ಮಾತ್ರೆ?" ಇಲ್ಲ ಅಂದೆ. ಅಜ್ಜಿ ಇನ್‌ಹೇಲರ್ ಮುಗಿದಿದೆ, ಬರ್ಕೊಡು ಅಂತ ಚೀಟಿ ಮುಂದೆ ಹಿಡಿದರು. ನಾನು ಡಾಕ್ಟರ್ ಅಲ್ಲ ಅಂತ ಪಕ್ಕದ ಕೋಣೆಗೆ ಕರೆದುಕೊಂಡು ಹೋದೆ.

ಆ ಮೊದಲ ಸೀರಂ ಮಾದರಿಗಳನ್ನು ಎಸೆಯೋಕೆ ಮನಸ್ಸು ಬರಲಿಲ್ಲ. ನೈತಿಕ ಸಮಿತಿಗೆ ಬರೆದು, ಹೆಸರು ನಂಬರ್ ಎಲ್ಲ ಅಳಿಸಿ, ಕಲಿಕೆಗೆ ಬಳಸಲು ಒಪ್ಪಿಗೆ ತಗೊಂಡೆ. ಈಗ ಹೊಸದಾಗಿ ಸೇರುವ ವಿದ್ಯಾರ್ಥಿಗಳು ಎಲೈಸಾ ಕಲಿಯುವುದು ಅದರಲ್ಲೇ. ಮೊದಲ ಪ್ಲೇಟು ಮುಗಿಸಿ ಓಡಿಬರುತ್ತಾರೆ, "ಮೇಡಂ, ರೋಗಿಗಳದ್ದು ಎಷ್ಟು ಗಾಢ ಬಂದಿದೆ ನೋಡಿ" ಅಂತ. ಫ್ರೀಜರಿನ ಕೆಳಗಿನ ಅರೆಯಲ್ಲಿರುವ ಆ ಡಬ್ಬಿಯ ಮುಚ್ಚಳ ತಿರುಗಿಸಿ ನೋಡಲು ಹೇಳುತ್ತೇನೆ. ಒಳಗಡೆ ಮಾರ್ಕರಿನಲ್ಲಿ ನಾನೇ ಬರೆದದ್ದಿದೆ: ಕೆಂಪು ಮುಚ್ಚಳ, ಅಭ್ಯಾಸಕ್ಕೆ ಮಾತ್ರ.